ಹೆಸರಿನ ಖಾತೆ

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನೂರು ವರ್ಷ ತುಂಬಿದ ಶಾಲೆಯ ವೇದಿಕೆಯಲ್ಲಿ ನಿಂತು ಗಣಕಯಂತ್ರದ ವಿಚಾರ ಮಾತನಾಡುವುದು ಸರಿಯೇ ಎಂಬ ಸಂಕೋಚ ನನಗಿತ್ತು. ‘ನೀವು ಮಾಡುವ ಕೆಲಸವನ್ನೇ ನಮಗೆ ತಿಳಿಯುವಂತೆ ಹೇಳಿ’ ಎಂದು ಸಂಘಟಕರು ಧೈರ್ಯ ತುಂಬಿದರು. ಅಂತರಜಾಲದಲ್ಲಿ ನಮ್ಮದೊಂದು ತಾಣವಿದ್ದರೆ ಅದರ ಹೆಸರಿನ ಖಾತೆಯನ್ನು ಯಾರು ಇಟ್ಟುಕೊಳ್ಳಬೇಕು, ಎಲ್ಲಿ ಇಟ್ಟುಕೊಳ್ಳಬೇಕು ಎಂಬ ಒಂದೇ ವಿಷಯವನ್ನು ಇಂದು ತಮ್ಮ ಮುಂದಿಡುತ್ತೇನೆ.

ನಾನು ಹುಟ್ಟಿದ್ದು ತಮಿಳುನಾಡಿನ ಉತ್ತಮಪಾಳಯದಲ್ಲಿ. ಪಶ್ಚಿಮಘಟ್ಟದ ಬುಡದ ಕಂಬಂ ಕಣಿವೆಯಲ್ಲಿ, ಮುಲ್ಲೈ ಹೊಳೆಯ ದಡದಲ್ಲಿರುವ ಊರು ಅದು. 1895ರಲ್ಲಿ ಪೆರಿಯಾರ್ ಅಣೆಕಟ್ಟೆ ಮುಗಿದು, ಪಡುವಣಕ್ಕೆ ಹರಿಯುತ್ತಿದ್ದ ನೀರು ಬೆಟ್ಟ ಕೊರೆದ ಸುರಂಗದ ಮೂಲಕ ನಮ್ಮ ಕಡೆಗೆ ತಿರುಗಿದ ಮೇಲೆ ಅಲ್ಲಿನ ಬದುಕು ಹಸನಾಯಿತು. ಆ ಕಣಿವೆಯಲ್ಲಿ ಕಾಪ್ಪಿಲಿಯರೆಂದು ಕರೆಸಿಕೊಳ್ಳುವ ಒಕ್ಕಲಿಗರು ತಲೆತಲಾಂತರದಿಂದ ಮನೆಯಲ್ಲಿ ಕನ್ನಡವಾಡುತ್ತ ಬಂದಿದ್ದಾರೆ. ದಿಂಡಿಗಲ್ಲಿನ ಕಡೆ ಅನುಪ್ಪರ ಮನೆಮಾತೂ ಕನ್ನಡವೇ. ಮಾತು ಕನ್ನಡ, ಆದರೆ ಓದುಬರಹವೆಲ್ಲ ತಮಿಳು. ನನ್ನ ತಾಯಿ ಕನ್ನಡದಲ್ಲಿ ಹೇಳಿದ್ದನ್ನು ತಂದೆ ತಮಿಳಕ್ಷರದಲ್ಲಿ ಕಾಗದ ಬರೆದು ಬಂಧುಗಳಿಗೆ ಕಳುಹಿಸುತ್ತಿದ್ದರು.

ನನಗೆ ಹತ್ತು ತುಂಬಿದಾಗ, ವ್ಯಾಪಾರಕ್ಕೆಂದು ಈ ಊರಿನಲ್ಲಿ ನೆಲೆಸಿದ್ದ ಸೋದರಮಾವ ನನ್ನನ್ನು ಕರೆತಂದರು. ದಿಂಡಿಗಲ್ಲು, ಈರೋಡು, ಸತ್ಯಮಂಗಲ ದಾಟಿ, ದಿಂಬಂ ಘಟ್ಟದ ತಿರುವುಗಳನ್ನು ಹತ್ತಿ ಬಂದ ಆ ಪಯಣ ಇನ್ನೂ ಕಣ್ಣಿಗೆ ಕಟ್ಟಿದೆ. ದಾಖಲಾತಿಯ ದಿನ ಅಂದಿನ ಮುಖ್ಯೋಪಾಧ್ಯಾಯರು ನನ್ನ ಹೆಸರು ಕೇಳಿದರು. ನಾನು ಹೇಳಿದೆ. ಅವರು ಸ್ಲೇಟನ್ನು ಮುಂದೆ ಸರಿಸಿ, ‘ಬರಿ ನೋಡೋಣ’ ಎಂದರು. ನಾನು ತಮಿಳಿನಲ್ಲಿ ಬರೆದೆ. ಅವರು ನಕ್ಕು, ಅದರ ಕೆಳಗೆ ಕನ್ನಡದಲ್ಲಿ ಬರೆದು, ‘ಎರಡೂ ನಿನ್ನವೇ ಮಗು. ಆದರೆ ನಿನ್ನ ಹೆಸರನ್ನು ಬೇರೆಯವರು ಬರೆದುಕೊಡುವವರೆಗೆ ಕಾಯಬೇಡ’ ಎಂದರು. ಹಲವು ವರ್ಷಗಳ ನಂತರ, ಅಕ್ಷರಕ್ಕೆ ಸಂಬಂಧವೇ ಇಲ್ಲದಂತೆ ತೋರುವ ಒಂದು ಕೆಲಸದಲ್ಲಿ ಆ ಮಾತು ನನಗೆ ಮತ್ತೆ ಎದುರಾಯಿತು.

ನಿವೃತ್ತನಾಗಿ ಉತ್ತಮಪಾಳಯಕ್ಕೆ ಮರಳಿದ ಮೇಲೆ ಕಣಿವೆಯ ಹಿರಿಯರ ಕನ್ನಡವನ್ನು ಧ್ವನಿಮುದ್ರಿಸಿ ಇಡುವ ಕೆಲಸಕ್ಕೆ ಕೈಹಾಕಿದೆ. ಬೇಸಾಯದ ಮಾತು, ಹಸೆಯ ಹಾಡು, ಕಂಬಂನಲ್ಲಿ ದೇವರ ದನಗಳ ತೊಳುವನ್ನೇ ಗುಡಿಯಾಗಿಸಿಕೊಂಡು ನಂದಗೋಪಾಲನನ್ನು ಪೂಜಿಸುವವರ ಕಥೆಗಳು, ಅಜ್ಜಿಯರ ಬೈಗುಳಗಳು ಎಲ್ಲವೂ ಅದರಲ್ಲಿವೆ. ಬಂಧುಗಳು ತಿರುಪ್ಪೂರಿನಲ್ಲೂ ಚೆನ್ನೈಯಲ್ಲೂ ಹೊರದೇಶಗಳಲ್ಲೂ ಚದುರಿರುವುದರಿಂದ ಇವನ್ನು ಒಂದು ಜಾಲತಾಣದಲ್ಲಿಟ್ಟರೆ ಎಲ್ಲರೂ ಕೇಳಬಹುದೆಂದು ಯೋಚಿಸಿದೆ. ಈ ಶಾಲೆಯ ಹಳೆಯ ವಾರ್ಷಿಕ ಸಂಚಿಕೆಗಳ ಪುಟಗಳನ್ನೂ ಅದರಲ್ಲೇ ಸೇರಿಸಿದ್ದೇನೆ.

ಜಾಲತಾಣ ನಡೆಯಲು ಎರಡು ಬಗೆಯ ಸೇವೆಗಳು ಬೇಕು. ಮೊದಲನೆಯದು ವೆಬ್ ಸರ್ವರ್. ಕೇಳಿದವರಿಗೆ ಪುಟವನ್ನೋ ಧ್ವನಿಯನ್ನೋ ಎತ್ತಿಕೊಡುವ ಮನೆಯೊಡೆಯ ಅದು. ಎರಡನೆಯದು ಡಿ.ಎನ್.ಎಸ್. ಸರ್ವರ್. ಆ ಮನೆ ಎಲ್ಲಿದೆಯೆಂದು ಹೇಳುವ ಶಾನುಭೋಗ ಎನ್ನಿ. ಅಂತರಜಾಲದಲ್ಲಿ ಪ್ರತಿ ಯಂತ್ರಕ್ಕೂ ಒಂದು ಸಂಖ್ಯೆಯಿದೆ. ಮನುಷ್ಯರಿಗೆ ಹೆಸರು ನೆನಪಿರುತ್ತದೆ, ಯಂತ್ರಕ್ಕೆ ಸಂಖ್ಯೆ ಬೇಕು. ‘ಈ ಹೆಸರಿನ ಮನೆ ಯಾವ ಸಂಖ್ಯೆಯಲ್ಲಿದೆ?’ ಎಂದು ಕೇಳಿದಾಗ ಖಾತೆ ಪುಸ್ತಕ ನೋಡಿ ಉತ್ತರ ಕೊಡುವುದೇ ಡಿ.ಎನ್.ಎಸ್. ಕೆಲಸ.

ಮೊದಲು ಇಡೀ ಜಾಲಕ್ಕೆ ಒಂದೇ ಖಾತೆ ಪುಸ್ತಕವಿತ್ತು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೀನ್ಲರ್ ಅವರ ತಂಡ ಎಲ್ಲ ಯಂತ್ರಗಳ ಹೆಸರನ್ನೂ ಸಂಖ್ಯೆಯನ್ನೂ ಒಂದು ಕಡತದಲ್ಲಿ ಬರೆದಿಡುತ್ತಿತ್ತು. ಹೊಸ ಯಂತ್ರ ಸೇರಿಸುವವರು ಅವರಿಗೆ ತಿಳಿಸಬೇಕು, ಉಳಿದವರು ಆ ಕಡತವನ್ನು ಆಗಾಗ ನಕಲು ಮಾಡಿಕೊಳ್ಳಬೇಕು. ಯಂತ್ರಗಳು ಹೆಚ್ಚಿದಂತೆ ಈ ಏರ್ಪಾಡು ಭಾರವಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಅವರು ಖಾತೆಯನ್ನು ಹಂಚಿಕೊಡುವ ವ್ಯವಸ್ಥೆಯನ್ನು ರೂಪಿಸಿದರು. ಇಂದಿಗೂ ನಡೆಯುತ್ತಿರುವ ಅದರ ನಿಯಮಗಳು 1987ರಲ್ಲಿ ಸಿದ್ಧವಾದವು.

ನಮ್ಮ ಕಣಿವೆಯವರಿಗೆ ಇದನ್ನು ಹೇಳುವಾಗ ನಾನು ನೀರಿನ ಹೋಲಿಕೆ ಕೊಡುತ್ತೇನೆ. ಅಣೆಕಟ್ಟೆಯ ಬಳಿ ಕುಳಿತವನಿಗೆ ಪ್ರತಿ ಗದ್ದೆಯ ಲೆಕ್ಕ ಗೊತ್ತಿರುವುದಿಲ್ಲ. ಯಾವ ಕಾಲುವೆಗೆ ಎಷ್ಟು ನೀರು ಎಂದಷ್ಟೇ ಅವನು ನೋಡುತ್ತಾನೆ. ಕಾಲುವೆಯವನು ತೂಬಿನವನಿಗೆ ಒಪ್ಪಿಸುತ್ತಾನೆ, ತೂಬಿನವನು ಗದ್ದೆಗೆ ಬಿಡುತ್ತಾನೆ. ಹೆಸರಿನ ವ್ಯವಸ್ಥೆಯೂ ಹೀಗೆಯೇ. ತುದಿಯಲ್ಲಿ ಮೂಲ ಸರ್ವರ್‌ಗಳಿವೆ. ಅವುಗಳ ಹೆಸರು ಹದಿಮೂರು, ಆದರೆ ಒಂದೊಂದು ಹೆಸರಿನಲ್ಲೂ ಲೋಕದ ಹಲವೆಡೆ ಯಂತ್ರಗಳು ಉತ್ತರ ಕೊಡುತ್ತವೆ. ನಮ್ಮ ಚೆನ್ನೈಯಲ್ಲೂ ಅಂಥದೊಂದಿದೆ. ಅವು ‘.ಇನ್’ ಎಂಬ ಭಾರತದ ಖಾತೆ ಯಾರ ಬಳಿ ಇದೆಯೆಂದು ಹೇಳುತ್ತವೆ. ಆ ಖಾತೆಯವರು ನಮ್ಮ ಹೆಸರಿನ ಖಾತೆ ಯಾರ ಬಳಿ ಇದೆಯೆಂದು ಹೇಳುತ್ತಾರೆ. ಕೊನೆಯ ಉತ್ತರ ನಮ್ಮದೇ ಡಿ.ಎನ್.ಎಸ್. ಸರ್ವರಿನಿಂದ ಬರಬೇಕು. ಆ ಕೊನೆಯ ತೂಬಿನ ಕೀಲಿ ಯಾರ ಕೈಯಲ್ಲಿದೆ ಎಂಬುದೇ ಪ್ರಶ್ನೆ.

ಮೊದಮೊದಲು ನಾನು ಈ ಪ್ರಶ್ನೆಯನ್ನೇ ಕೇಳಿಕೊಳ್ಳಲಿಲ್ಲ. ತಾಣವನ್ನು ಮಾಡಿಕೊಟ್ಟ ಒಬ್ಬ ಯುವಕ ಹೆಸರನ್ನು ತನ್ನ ಖಾತೆಯಲ್ಲೇ ನೋಂದಾಯಿಸಿದ. ಅದರ ಡಿ.ಎನ್.ಎಸ್. ಸಹ ಅವನ ಬಳಿಯೇ ಇತ್ತು. ಎರಡು ವರ್ಷದ ನಂತರ ತಾಣವನ್ನು ಬೇರೆ ಯಂತ್ರಕ್ಕೆ ಸಾಗಿಸಬೇಕಾಯಿತು. ಸಾಗಿಸಿದ್ದೂ ಆಯಿತು. ಆದರೆ ಹೆಸರು ಮಾತ್ರ ಹಳೆಯ, ಖಾಲಿಯಾದ ಯಂತ್ರದ ಕಡೆಗೇ ಕೈತೋರುತ್ತಿತ್ತು. ಯುವಕ ಕೆಲಸ ಬದಲಿಸಿ ಬೇರೆ ಊರಿಗೆ ಹೋಗಿದ್ದ. ಅವನಲ್ಲಿ ಕೆಟ್ಟ ಮನಸ್ಸಿರಲಿಲ್ಲ, ಬಿಡುವಿರಲಿಲ್ಲ ಅಷ್ಟೇ. ಮೂರು ವಾರ ನಮ್ಮ ಹಿರಿಯರ ದನಿಗಳೆಲ್ಲ ಹೊಸ ಮನೆಯಲ್ಲಿ ಸುರಕ್ಷಿತವಾಗಿದ್ದವು, ಆದರೆ ಒಬ್ಬರೂ ಅಲ್ಲಿಗೆ ತಲುಪಲಾರದಾದರು. ಮನೆ ನಮ್ಮದಾಗಿದ್ದು ಖಾತೆ ಇನ್ನೊಬ್ಬರ ಹೆಸರಿನಲ್ಲಿದ್ದರೆ ಏನಾಗುತ್ತದೆಂದು ರೈತರ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೆಸರು ಕೈಗೆ ಮರಳಿದ ಕೂಡಲೇ ಡಿ.ಎನ್.ಎಸ್. ಸರ್ವರನ್ನು ನಾನೇ ನಡೆಸಲು ನಿಶ್ಚಯಿಸಿದೆ. ಮನೆಯ ಬ್ರಾಡ್‌ಬ್ಯಾಂಡಿಗೆ ಬದಲಾಗದ ಸಂಖ್ಯೆಯೊಂದನ್ನು ಪಡೆದೆ. ವೆಬ್ ಸರ್ವರ್ ಇದ್ದ ಯಂತ್ರದಲ್ಲೇ ‘ಬೈಂಡ್’ ಎಂಬ ತಂತ್ರಾಂಶವನ್ನು ಸ್ಥಾಪಿಸಿದೆ. 1980ರ ದಶಕದಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬರೆಯತೊಡಗಿದ, ಇಂದಿಗೂ ಉಚಿತವಾಗಿ ದೊರೆಯುವ ತಂತ್ರಾಂಶ ಅದು. ಒಂದೇ ಯಂತ್ರದಲ್ಲಿ ಎರಡು ಸರ್ವರ್‌ಗಳು ಕಾದಾಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಇಲ್ಲ. ಒಂದು ಮನೆಗೆ ಹಲವು ಬಾಗಿಲುಗಳಿರುವಂತೆ ಯಂತ್ರಕ್ಕೂ ಸಂಖ್ಯೆ ಹಾಕಿದ ಬಾಗಿಲುಗಳಿವೆ. ವೆಬ್ ಸರ್ವರ್ 80 ಮತ್ತು 443ನೆಯ ಬಾಗಿಲುಗಳಲ್ಲಿ ಕುಳಿತಿರುತ್ತದೆ, ಡಿ.ಎನ್.ಎಸ್. 53ರಲ್ಲಿ. ಒಬ್ಬರ ಅತಿಥಿ ಇನ್ನೊಬ್ಬರ ಬಾಗಿಲಿಗೆ ಬರುವುದಿಲ್ಲ.

ಖಾತೆ ಬರೆಯುವುದೂ ಕಷ್ಟವಲ್ಲ. ಕೆಲವೇ ಸಾಲುಗಳು. ಈ ಹೆಸರಿಗೆ ಅಧಿಕಾರಿ ಯಾರು, ಈ ಹೆಸರಿನ ವೆಬ್ ಸರ್ವರ್ ಯಾವ ಸಂಖ್ಯೆಯಲ್ಲಿದೆ, ಈ ಹೆಸರಿಗೆ ಬಂದ ಇಮೇಲನ್ನು ಎಲ್ಲಿಗೆ ಮುಟ್ಟಿಸಬೇಕು, ನಾವು ಕೊಟ್ಟ ಉತ್ತರವನ್ನು ಕೇಳಿದವರು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಎಂಬಷ್ಟೇ ಅದರಲ್ಲಿರುತ್ತದೆ. ಒಂದು ತೊಡಕು ಮಾತ್ರ ಎಲ್ಲರನ್ನೂ ಕಾಡುತ್ತದೆ. ನಮ್ಮ ಡಿ.ಎನ್.ಎಸ್. ಸರ್ವರಿನ ಹೆಸರೂ ನಮ್ಮ ಹೆಸರಿನೊಳಗೇ ಇರುವುದಾದರೆ, ಅದನ್ನು ಹುಡುಕಲು ಅದನ್ನೇ ಕೇಳಬೇಕಾಗುತ್ತದೆ. ಶಾನುಭೋಗರ ಮನೆ ಎಲ್ಲಿ ಎಂದರೆ ಶಾನುಭೋಗರನ್ನು ಕೇಳಿ ಎಂದಂತೆ! ಅದಕ್ಕಾಗಿ ನಮ್ಮ ಡಿ.ಎನ್.ಎಸ್. ಸರ್ವರಿನ ಸಂಖ್ಯೆಯನ್ನು ಮೇಲಿನ ‘.ಇನ್’ ಖಾತೆಯಲ್ಲೂ ಬರೆಸಿಡಬೇಕು. ಇದಕ್ಕೆ ಅಂಟುದಾಖಲೆ ಎನ್ನಬಹುದು. ಹೆಸರನ್ನು ನೋಂದಾಯಿಸಿದ ಕಡೆಯಲ್ಲಿಯೇ ಇದನ್ನು ಮಾಡಿಸಬಹುದು.

ಎಲ್ಲ ಸರಿಹೋಯಿತು. ಮೊದಲ ಸಲ ನನ್ನ ಮನೆಯ ಯಂತ್ರವೇ ನನ್ನ ಹೆಸರಿಗೆ ಉತ್ತರ ಕೊಟ್ಟಾಗ, ಸ್ಲೇಟಿನ ಮೇಲೆ ಕನ್ನಡದಲ್ಲಿ ಹೆಸರು ಬರೆದ ದಿನದ ಹಿಗ್ಗೇ ಆಯಿತು. ಆ ಹಿಗ್ಗಿನಲ್ಲಿ ಒಂದು ನಿಯಮವನ್ನು ಕಡೆಗಣಿಸಿದೆ. ಒಂದು ಹೆಸರಿಗೆ ಕನಿಷ್ಠ ಎರಡು ಡಿ.ಎನ್.ಎಸ್. ಸರ್ವರ್‌ಗಳಿರಬೇಕೆಂದು 1987ರ ನಿಯಮವೇ ಹೇಳುತ್ತದೆ. ಅವು ಒಂದೇ ಕಟ್ಟಡದಲ್ಲಿ, ಒಂದೇ ತಂತಿಯ ಮೇಲೆ ಇರಬಾರದು, ದೂರದೂರ ಇರಬೇಕೆಂದು 1997ರ ಇನ್ನೊಂದು ದಾಖಲೆ ವಿವರಿಸುತ್ತದೆ. ನಾನು ಒಂದೇ ಯಂತ್ರಕ್ಕೆ ಎರಡು ಹೆಸರು ಕೊಟ್ಟು ಲೆಕ್ಕ ತುಂಬಿಸಿದ್ದೆ.

ಆ ವರ್ಷದ ಕಾರ್ತಿಕದ ಮಳೆಯಲ್ಲಿ ನಮ್ಮ ಬೀದಿಗೆ ಸಿಡಿಲು ಬಡಿಯಿತು. ನಾನು ಮಧುರೆಯಲ್ಲಿ ತಂಗಿಯ ಮನೆಯಲ್ಲಿದ್ದೆ. ಮನೆಯ ಯಂತ್ರ ನಿಂತಿತು. ನಾನು ಅಷ್ಟಾಗಿ ಗಾಬರಿಗೊಳ್ಳಲಿಲ್ಲ, ಏಕೆಂದರೆ ಎಲ್ಲ ಧ್ವನಿಗಳ ಪ್ರತಿಯನ್ನೂ ಬೆಂಗಳೂರಿನ ಒಂದು ಬಾಡಿಗೆ ಯಂತ್ರದಲ್ಲಿ ಇಟ್ಟಿದ್ದೆ. ಅದೇ ವಾರ ತಿರುಪ್ಪೂರಿನಲ್ಲಿ ನಮ್ಮ ದೊಡ್ಡಮ್ಮ ತೀರಿಕೊಂಡಿದ್ದರು. ನನ್ನ ಸಂಗ್ರಹದ ಮೊದಲ ದನಿ ಅವರದು. ಉತ್ತರಕ್ರಿಯೆಯ ದಿನ ಎಲ್ಲರೂ ಕೂಡಿದಾಗ ಅವರ ಹಸೆಯ ಹಾಡು ಕೇಳಬೇಕೆಂದು ಮೊಮ್ಮಕ್ಕಳು ಆಸೆಪಟ್ಟರು. ತಾಣ ತೆರೆಯಲಿಲ್ಲ. ‘ಚಿಕ್ಕಪ್ಪ, ಅಂಥ ಹೆಸರೇ ಸಿಗುತ್ತಿಲ್ಲ ಎನ್ನುತ್ತಿದೆ’ ಎಂದು ಫೋನಿನಲ್ಲಿ ಹೇಳಿದರು.

ಆಗ ನನ್ನ ತಪ್ಪು ನನಗೆ ಅರಿವಾಯಿತು. ಪ್ರತಿ ಬೆಂಗಳೂರಿನಲ್ಲಿ ಕ್ಷೇಮವಾಗಿತ್ತು. ಆದರೆ ‘ಮನೆ ಬೆಂಗಳೂರಿಗೆ ಬದಲಾಗಿದೆ’ ಎಂದು ಬರೆಯಬೇಕಾದ ಖಾತೆ ಸಿಡಿಲಿಗೆ ಸಿಕ್ಕ ಯಂತ್ರದೊಳಗಿತ್ತು. ಬೆಂಗಳೂರಿನ ಯಂತ್ರದ ಸಂಖ್ಯೆಯನ್ನಾದರೂ ಹೇಳೋಣವೆಂದರೆ ಅದು ನನಗೆ ಬಾಯಿಪಾಠವಿರಲಿಲ್ಲ, ಅದನ್ನೂ ಆ ಖಾತೆಯಲ್ಲೇ ಬರೆದಿಟ್ಟಿದ್ದೆ. ನಮ್ಮ ಇಮೇಲ್ ಇದ್ದದ್ದು ಬೇರೆಯೇ ಯಂತ್ರದಲ್ಲಿ. ಅದಕ್ಕೆ ಯಾವ ತೊಂದರೆಯೂ ಆಗಿರಲಿಲ್ಲ. ಆದರೂ ಕಳುಹಿಸಿದವರ ಸಂತಾಪದ ಪತ್ರಗಳು ವಿಳಾಸ ಸಿಗದೆ ದಾರಿಯಲ್ಲೇ ಕಾದವು. ಹೆಸರು ನೋಂದಾಯಿಸಿದ ಖಾತೆಯ ಗುಪ್ತಪದ ಉತ್ತಮಪಾಳಯದ ಬೀರುವಿನಲ್ಲಿದ್ದ ನೋಟ್‌ಬುಕ್ಕಿನಲ್ಲಿತ್ತು. ಊರಿಗೆ ಧಾವಿಸಿ ಅದನ್ನು ತೆಗೆದು, ಬೆಂಗಳೂರಿನ ಯಂತ್ರದಲ್ಲೇ ಹೊಸ ಖಾತೆ ತೆರೆದು, ಮೇಲಿನವರ ಬಳಿ ಅಂಟುದಾಖಲೆಯನ್ನು ತಿದ್ದಿಸುವ ಹೊತ್ತಿಗೆ ಸಂಜೆಯಾಗಿತ್ತು. ಹಳೆಯ ಉತ್ತರವನ್ನು ನೆನಪಿಟ್ಟುಕೊಂಡಿದ್ದ ಸರ್ವರ್‌ಗಳು ಮರೆಯುವವರೆಗೂ ಕಾಯಬೇಕು. ಕೆಲವರಿಗೆ ಅದೇ ರಾತ್ರಿ ತೆರೆಯಿತು, ಕೆಲವರಿಗೆ ಮರುದಿನ. ಅಷ್ಟರಲ್ಲಿ ಬಂಧುಗಳೆಲ್ಲ ತಂತಮ್ಮ ಊರಿಗೆ ಬಸ್ ಹತ್ತಿದ್ದರು.

ಇಂಥ ತಪ್ಪು ನನ್ನಂಥ ಒಬ್ಬನದೇ ಎಂದು ತಿಳಿಯಬೇಡಿ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆಪ್, ಇನ್‌ಸ್ಟಾಗ್ರಾಮ್ ಸುಮಾರು ಆರು ಗಂಟೆಗಳ ಕಾಲ ನಿಂತದ್ದು ತಮ್ಮಲ್ಲಿ ಹಲವರಿಗೆ ನೆನಪಿರಬಹುದು. ದುರಸ್ತಿಯ ವೇಳೆ ಕೊಟ್ಟ ಒಂದು ಆಜ್ಞೆಯಿಂದ ಆ ಕಂಪನಿಯ ಒಳಜಾಲ ಕಡಿದುಹೋಯಿತು. ಅದರ ಡಿ.ಎನ್.ಎಸ್. ಸರ್ವರ್‌ಗಳೂ ಅದೇ ಜಾಲವನ್ನು ನೆಚ್ಚಿದ್ದವು. ಒಳಜಾಲ ಕಾಣದಾದಾಗ ಅವು ತಮಗೆ ಬರುವ ದಾರಿಯನ್ನೇ ಹಿಂತೆಗೆದುಕೊಂಡವು. ಸರ್ವರ್‌ಗಳು ಕೆಟ್ಟಿರಲಿಲ್ಲ, ಅವುಗಳ ಹತ್ತಿರ ಹೋಗುವ ದಾರಿ ಅಳಿಸಿತ್ತು. ಸರಿಪಡಿಸಬೇಕಾದ ಎಂಜಿನಿಯರ್‌ಗಳ ಉಪಕರಣಗಳಿಗೂ ಅದೇ ಹೆಸರುಗಳೇ ಬೇಕಾಗಿದ್ದವು. ಲೋಕದ ದೊಡ್ಡ ಕಂಪನಿಗೂ ಉತ್ತಮಪಾಳಯದ ಒಂದು ಮನೆಗೂ ಅನ್ವಯಿಸುವ ನಿಯಮ ಒಂದೇ: ಮನೆಯನ್ನೂ ಅದರ ಏಕೈಕ ಖಾತೆಯನ್ನೂ ಒಂದೇ ಸಿಡಿಲಿಗೆ ಒಡ್ಡಬಾರದು.

ಈಗಿನ ನಮ್ಮ ಏರ್ಪಾಡನ್ನು ಹೇಳುತ್ತೇನೆ. ಇದೇ ಶಾಲೆಯಲ್ಲಿ ನನ್ನ ಸಹಪಾಠಿಯಾಗಿದ್ದ ಗೆಳೆಯರೊಬ್ಬರು ಮೈಸೂರಿನಲ್ಲಿ ತಮ್ಮದೊಂದು ತಾಣ ನಡೆಸುತ್ತಿದ್ದಾರೆ. ಹಳ್ಳಿಯಲ್ಲಿ ಮುಯ್ಯಾಳು ಪದ್ಧತಿ ಇತ್ತಲ್ಲವೇ? ಇಂದು ನಿನ್ನ ಗದ್ದೆಯ ನಾಟಿಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ನಾವಿಬ್ಬರೂ ಅದೇ ಮುಯ್ಯಿ ಮಾಡಿಕೊಂಡಿದ್ದೇವೆ. ನನ್ನ ಹೆಸರಿನ ಎರಡನೆಯ ಡಿ.ಎನ್.ಎಸ್. ಸರ್ವರ್ ಅವರ ಬಳಿ, ಅವರದರ ಎರಡನೆಯದು ನನ್ನ ಬಳಿ. ನಾನು ಖಾತೆಯಲ್ಲಿ ತಿದ್ದಿದ್ದು ತಾನಾಗಿಯೇ ಅವರ ಯಂತ್ರಕ್ಕೆ ನಕಲಾಗುತ್ತದೆ. ಖಾತೆಯ ತಲೆಯಲ್ಲಿ ಒಂದು ಕ್ರಮಸಂಖ್ಯೆಯಿರುತ್ತದೆ. ತಿದ್ದಿದಾಗಲೆಲ್ಲ ಅದನ್ನು ಏರಿಸಬೇಕು. ಏರಿಸಲು ಮರೆತರೆ ಎರಡನೆಯ ಸರ್ವರ್ ‘ಏನೂ ಬದಲಾಗಿಲ್ಲ’ ಎಂದುಕೊಂಡು ಹಳೆಯ ಉತ್ತರವನ್ನೇ ಕೊಡುತ್ತಿರುತ್ತದೆ. ನಾನು ಎರಡು ಸಲ ಮರೆತು, ಕೇಳಿದವರಿಗೆಲ್ಲ ಎರಡೆರಡು ಉತ್ತರ ಕೊಟ್ಟಿದ್ದೇನೆ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ನಮ್ಮ ಸರ್ವರ್ ನಮ್ಮ ಹೆಸರಿಗೆ ಮಾತ್ರ ಉತ್ತರ ಕೊಡಬೇಕು. ಲೋಕದ ಎಲ್ಲ ಹೆಸರುಗಳನ್ನೂ ಯಾರು ಕೇಳಿದರೂ ಹುಡುಕಿಕೊಡುವಂತೆ ತೆರೆದಿಟ್ಟರೆ, ದುಷ್ಟರು ಸುಳ್ಳು ವಿಳಾಸದಿಂದ ಪುಟ್ಟ ಪ್ರಶ್ನೆ ಕೇಳಿ, ದೊಡ್ಡ ಉತ್ತರಗಳ ರಾಶಿಯನ್ನು ಇನ್ನಾರದೋ ಮೇಲೆ ಸುರಿಯುವಂತೆ ಮಾಡುತ್ತಾರೆ. ಖಾತೆ ಇಟ್ಟುಕೊಂಡವನಿಗೆ ಅಧಿಕಾರದಷ್ಟೇ ಹೊಣೆಯೂ ಇದೆ.

ಕನ್ನಡದ ಹೆಸರಿನ ಬಗ್ಗೆ ಒಂದೆರಡು ಮಾತು. ಡಿ.ಎನ್.ಎಸ್. ಹುಟ್ಟಿದಾಗ ಹೆಸರುಗಳಿಗೆ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಇಷ್ಟೇ ಬಳಕೆಯಲ್ಲಿದ್ದವು. ಬೇರೆ ಲಿಪಿಯ ಹೆಸರನ್ನು ಆ ಅಕ್ಷರಗಳ ಸರಣಿಯಾಗಿ ಮಾರ್ಪಡಿಸುವ ‘ಪ್ಯೂನಿಕೋಡ್’ ಎಂಬ ವಿಧಾನ 2003ರಲ್ಲಿ ಬಂತು. ನಾವು ಕನ್ನಡದಲ್ಲಿ ಬರೆಯುತ್ತೇವೆ, ಯಂತ್ರ ಒಳಗೊಳಗೇ ತನಗೆ ಬೇಕಾದಂತೆ ಮಾರ್ಪಡಿಸಿಕೊಳ್ಳುತ್ತದೆ. 2011ರಲ್ಲಿ ಭಾರತದ ಏಳು ಭಾಷೆಗಳ ದೇಶನಾಮಗಳು ಮೂಲ ಖಾತೆಗೆ ಸೇರಿದಾಗ ತಮಿಳು, ತೆಲುಗು ಇದ್ದವು, ಕನ್ನಡ ಇರಲಿಲ್ಲ. ಕೆಲವು ವರ್ಷಗಳ ನಂತರ ಕನ್ನಡದ ‘.ಭಾರತ’ವೂ ಸೇರಿತು. ನಮ್ಮ ತಾಣಕ್ಕೆ ಈಗ ಕನ್ನಡ ಲಿಪಿಯಲ್ಲಿ ಒಂದು ಹೆಸರು, ತಮಿಳು ಲಿಪಿಯಲ್ಲಿ ಒಂದು ಹೆಸರು ಇವೆ. ಕಣಿವೆಯ ಮಕ್ಕಳು ತಮಿಳಿನಲ್ಲಿ ಹುಡುಕುತ್ತಾರೆ, ತಾವು ಕನ್ನಡದಲ್ಲಿ ಹುಡುಕಬಹುದು. ಎರಡೂ ಹೆಸರುಗಳು ಒಂದೇ ಮನೆಗೆ ಕರೆತರುತ್ತವೆ. ಖಾತೆ ನನ್ನ ಕೈಯಲ್ಲಿದ್ದುದರಿಂದ ಇದಕ್ಕಾಗಿ ಯಾರನ್ನೂ ಕಾಯಬೇಕಾಗಲಿಲ್ಲ.

ಎಲ್ಲರೂ ಸ್ವಂತ ಡಿ.ಎನ್.ಎಸ್. ಸರ್ವರ್ ನಡೆಸಬೇಕೆಂದು ನಾನು ಹೇಳುವುದಿಲ್ಲ. ನೋಡಿಕೊಳ್ಳುವವರಿಲ್ಲದಿದ್ದರೆ ನಂಬಿಕೆಯ ಸಂಸ್ಥೆಗೆ ಒಪ್ಪಿಸುವುದೇ ಲೇಸು. ಆದರೆ ನಮ್ಮ ಶಾಲೆ ಶತಮಾನೋತ್ಸವದ ನೆನಪಿಗೆ ಜಾಲತಾಣ ತೆರೆಯುತ್ತಿರುವ ಈ ಹೊತ್ತಿನಲ್ಲಿ ಸಮಿತಿಯವರಲ್ಲಿ ನಾಲ್ಕು ಬಿನ್ನಹಗಳಿವೆ. ಹೆಸರು ಶಾಲೆಯ ಹೆಸರಿನಲ್ಲೇ ನೋಂದಣಿಯಾಗಲಿ, ಉತ್ಸಾಹಿ ಹಳೆಯ ವಿದ್ಯಾರ್ಥಿಯೊಬ್ಬನ ಹೆಸರಿನಲ್ಲಿ ಬೇಡ, ಆ ಹಳೆಯ ವಿದ್ಯಾರ್ಥಿ ನಾನೇ ಆದರೂ ಬೇಡ. ಅದರ ನವೀಕರಣದ ದಿನಾಂಕವನ್ನು ಕಚೇರಿಯ ಗೋಡೆಯ ಮೇಲೆ ಬರೆಯಿರಿ. ಸ್ವಂತದ್ದಾಗಲಿ ಬಾಡಿಗೆಯದಾಗಲಿ, ಡಿ.ಎನ್.ಎಸ್. ಸರ್ವರ್‌ಗಳು ಎರಡು ಬೇರೆ ಊರುಗಳಲ್ಲಿರಲಿ. ಖಾತೆಯ ಸಾಲುಗಳನ್ನು ಕಾಗದದ ಮೇಲೆ ಬರೆದು, ದಾಖಲಾತಿ ಪುಸ್ತಕಗಳಿರುವ ಬೀರುವಿನಲ್ಲೇ ಇಡಿ. ಅದರ ಇನ್ನೊಂದು ಪ್ರತಿ ಶಾಲೆಯ ಹೊರಗೆ ಯಾರ ಬಳಿಯಾದರೂ ಇರಲಿ.

ಪ್ರೌಢಶಾಲೆಯ ಮಕ್ಕಳಿಗೆ ಇದನ್ನು ಕಲಿಸಲು ದೊಡ್ಡ ಯಂತ್ರ ಬೇಕಿಲ್ಲ. ಮೂಲೆಯಲ್ಲಿ ಬಿದ್ದಿರುವ ಹಳೆಯ ಕಂಪ್ಯೂಟರ್ ಸಾಕು. ಶಾಲೆಯ ಒಳಜಾಲದಲ್ಲೇ ಒಂದು ವೆಬ್ ಸರ್ವರ್, ಅದರ ಪಕ್ಕದಲ್ಲಿ ಒಂದು ಡಿ.ಎನ್.ಎಸ್. ಸರ್ವರ್ ನಡೆಸಿ, ಪ್ರತಿ ಮಗುವೂ ತನ್ನ ಹೆಸರಿನ ಒಂದು ಸಾಲನ್ನು ಖಾತೆಯಲ್ಲಿ ತಾನೇ ಬರೆಯಲಿ. ಆಮೇಲೆ ಗುರುಗಳು ಒಂದು ಯಂತ್ರದ ತಂತಿಯನ್ನು ಕಿತ್ತು, ‘ಈಗ ಏನು ಮಾಡುತ್ತೀರಿ?’ ಎಂದು ಕೇಳಲಿ. ನಾನು ಸಿಡಿಲಿನಿಂದ ಕಲಿತದ್ದನ್ನು ಅವರು ತರಗತಿಯಲ್ಲೇ ಕಲಿಯುತ್ತಾರೆ. ಮುಂದಿನ ಬೇಸಗೆಯಲ್ಲಿ ಒಂದು ವಾರ ಬಂದು ಕಲಿಸಿಕೊಡಲು ನಾನು ಸಿದ್ಧನಿದ್ದೇನೆ.

ದೊಡ್ಡಮ್ಮನ ಹಾಡು ಈಗ ಉತ್ತಮಪಾಳಯದಲ್ಲೂ ಇದೆ, ಬೆಂಗಳೂರಿನಲ್ಲೂ ಇದೆ. ಅದರ ದಾರಿ ಹೇಳುವ ಖಾತೆ ಉತ್ತಮಪಾಳಯದಲ್ಲೂ ಮೈಸೂರಿನಲ್ಲೂ ಇದೆ. ಕಳೆದ ವರ್ಷದ ತಿಥಿಯಂದು ಮೊಮ್ಮಕ್ಕಳು ಅದನ್ನು ಕೇಳಿದರು. ಹೆಸರನ್ನು ಬರೆಯಲು ಕಲಿಸಿದ ಈ ಶಾಲೆಗೆ ನನ್ನ ಋಣ ಅಲ್ಪಸ್ವಲ್ಪವಾದರೂ ಸಂದಿತೆಂದು ಭಾವಿಸುತ್ತೇನೆ.